'ಮಾಸ್' ಎಂಬ ಪದ ನಮ್ಮನ್ನು ಕೇಳುವ ಪ್ರಶ್ನೆ



ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ ನಮ್ಮ ಮನೆಗಳಲ್ಲಿ ಒಂದೊಂದು ತಲೆಮಾರಿನವರು ಒಂದೊಂದು ಉತ್ತರ ಕೊಡುತ್ತಾರೆ. ಅಜ್ಜಿ ತಾತಂದಿರಿಗೆ ಅದು 'ಪೂಜೆ'. ಜ್ಞಾನೋಪದೇಶ ಕಲಿಸುವ ಅಕ್ಕಂದಿರು 'ದಿವ್ಯ ಬಲಿಪೂಜೆ' ಎನ್ನುತ್ತಾರೆ. ಪಕ್ಕದ ಬೀದಿಯ ತಮಿಳು ಮನೆಗಳಲ್ಲಿ ಅದು 'ತಿರುಪ್ಪಲಿ'. ಹೊಸೂರಿನಲ್ಲಿ ಓದಿ ಇಲ್ಲಿನ ಕಂಪನಿಗಳಲ್ಲೇ ಕೆಲಸಕ್ಕೆ ಸೇರಿರುವ ನಾವು ಯುವಜನರು ಮಾತ್ರ, ಮನೆಮಾತು ಯಾವುದಾದರೂ, 'ಮಾಸ್' ಎಂದೇ ಹೇಳುತ್ತೇವೆ. "ಮಾಸ್ ಮುಗೀತಾ?" "ನಾಳೆ ಎಷ್ಟು ಗಂಟೆ ಮಾಸ್‌ಗೆ ಬರ್ತೀಯ?"

ಇದೇ ಪದ ನಮ್ಮ ಬಾಯಲ್ಲಿ ಬೇರೆ ಕಡೆಗಳಲ್ಲೂ ಓಡಾಡುತ್ತದೆ. ಸಿನಿಮಾದಲ್ಲಿ ನಾಯಕ ಧೂಳೆಬ್ಬಿಸಿಕೊಂಡು ಬಂದರೆ 'ಮಾಸ್ ಎಂಟ್ರಿ'. ಇಡೀ ತರಗತಿ ಒಟ್ಟಿಗೆ ಚಕ್ಕರ್ ಹೊಡೆದರೆ 'ಮಾಸ್ ಬಂಕ್'. ಪರೀಕ್ಷಾ ಕೊಠಡಿಯಲ್ಲಿ ಎಲ್ಲರೂ ಸೇರಿ ನಕಲು ಮಾಡಿದರೆ 'ಮಾಸ್ ಕಾಪಿ'. ಪತ್ರಿಕೆ, ಟಿ.ವಿ. ಎಲ್ಲ ಸೇರಿ 'ಮಾಸ್ ಮೀಡಿಯಾ'. ಬಿ.ಎಸ್ಸಿ. ಭೌತಶಾಸ್ತ್ರದ ತರಗತಿಯಲ್ಲಿ ಮೂರು ವರ್ಷ ಬರೆದ ಸಮೀಕರಣಗಳಲ್ಲೂ 'ಮಾಸ್' ಇತ್ತು. ಕನ್ನಡದ ಪಠ್ಯಪುಸ್ತಕಗಳಲ್ಲಿ ಅದಕ್ಕೆ 'ದ್ರವ್ಯರಾಶಿ' ಎಂಬ ಹೆಸರಿದೆ.

ಒಂದೇ ಪದಕ್ಕೆ ಇಷ್ಟೊಂದು ಅರ್ಥಗಳೇ ಎಂದು ನಿಘಂಟು ತೆರೆದರೆ ಅಲ್ಲಿ ಸಿಗುವುದು ಎರಡು ಪದಗಳು. ಉಚ್ಚಾರವೂ ಕಾಗುಣಿತವೂ ಒಂದೇ, ಹುಟ್ಟಿದ ಮನೆ ಮಾತ್ರ ಬೇರೆ. ಚರ್ಚಿನ ಮಾಸ್ ಬಂದದ್ದು 'ಮಿಸ್ಸಾ' ಎಂಬ ಲ್ಯಾಟಿನ್ ಪದದಿಂದ. ಮೇಲೆ ಹೇಳಿದ ಉಳಿದೆಲ್ಲ ಮಾಸ್‌ಗಳು ಬಂದದ್ದು 'ಮಾಸ್ಸಾ' ಎಂಬ ಇನ್ನೊಂದು ಲ್ಯಾಟಿನ್ ಪದದಿಂದ. ಪದದ ಬೇರು ಅಗೆದ ಮಾತ್ರಕ್ಕೆ ಯಾವುದು ಸರಿ, ಯಾವುದು ತಪ್ಪು ಎಂಬುದು ತೀರ್ಮಾನವಾಗುವುದಿಲ್ಲ, ನಿಜ. ಆದರೆ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಭಾನುವಾರ ಚರ್ಚಿನಲ್ಲಿ ಸೇರುವ ನಾವು ಇವೆರಡರಲ್ಲಿ ಯಾವ ಮಾಸ್? ನೂರಾರು ಜನರ ನಡುವೆ ಕುಳಿತವನ ಹೊಣೆ ಒಂಟಿಯಾಗಿರುವವನ ಹೊಣೆಗಿಂತ ಕಡಿಮೆಯೇ?

ಮುದ್ದೆಯಿಂದ ಬಂದ ಮಾಸ್

ಗ್ರೀಕರು ಬಾರ್ಲಿ ಹಿಟ್ಟನ್ನು ನಾದಿ ಮಾಡುತ್ತಿದ್ದ ದಿನನಿತ್ಯದ ಆಹಾರಕ್ಕೆ 'ಮಾಝಾ' ಎನ್ನುತ್ತಿದ್ದರು. ನಮ್ಮ ಕಡೆ ರಾಗಿಮುದ್ದೆ ಇದ್ದ ಹಾಗೆ ಎಂದುಕೊಳ್ಳೋಣ. ಅದು ಲ್ಯಾಟಿನ್‌ಗೆ ಹೋಗಿ 'ಮಾಸ್ಸಾ' ಆಯಿತು. ಮೊದಲು ನಾದಿದ ಹಿಟ್ಟು, ಆಮೇಲೆ ಯಾವುದೇ ವಸ್ತುವಿನ ಮುದ್ದೆ, ಕೊನೆಗೆ ಯಾವುದೇ ರಾಶಿ. 1687ರಲ್ಲಿ ನ್ಯೂಟನ್ ತನ್ನ 'ಪ್ರಿನ್ಸಿಪಿಯಾ' ಗ್ರಂಥದಲ್ಲಿ ಒಂದು ಕಾಯದೊಳಗೆ ಎಷ್ಟು ವಸ್ತುವಿದೆ ಎಂಬ ಅಳತೆಗೆ ಇದೇ ಹೆಸರನ್ನು ಬಳಸಿದ. ಮುಂದೆ ಜನರ ರಾಶಿಗೂ ಅದೇ ಹೆಸರು ನಿಂತಿತು.

ಮುದ್ದೆ ತಿರುವಿದ ಮೇಲೆ ಅದರಲ್ಲಿ ಒಂದು ರಾಗಿಕಾಳನ್ನು ಬೇರೆ ಮಾಡಿ ತೋರಿಸಲು ಯಾರಿಂದಲೂ ಆಗದು. ಜನರನ್ನು 'ಮಾಸ್' ಎಂದಾಗಲೂ ಹಾಗೆಯೇ. ಅಲ್ಲಿ ಮುಖವಿಲ್ಲ, ಹೆಸರಿಲ್ಲ. ಇರುವುದು ಸಂಖ್ಯೆ ಮಾತ್ರ.

ಭೌತಶಾಸ್ತ್ರ ಇದಕ್ಕೆ ಇನ್ನೊಂದು ಮಾತು ಸೇರಿಸುತ್ತದೆ. ದ್ರವ್ಯರಾಶಿ ಎಂದರೆ ಜಡತ್ವದ ಅಳತೆ. ನಿಂತಿರುವ ಸೈಕಲ್ಲನ್ನು ಒಂದು ಕೈಯಲ್ಲಿ ತಳ್ಳಬಹುದು. ನಿಂತಿರುವ ಲಾರಿಯನ್ನು ತಳ್ಳಲಾಗದು. ಹಾಗೆಯೇ ಓಡುತ್ತಿರುವ ಲಾರಿಯನ್ನು ನಿಲ್ಲಿಸುವುದೂ ಕಷ್ಟ. ರಾಶಿ ದೊಡ್ಡದಾದಷ್ಟೂ ಅದು ಇದ್ದಂತೆಯೇ ಇರಲು ಬಯಸುತ್ತದೆ. ಕಾಲೇಜಿನಲ್ಲಿ ಓದಿದವರಿಗೆ ಇದು ಸೂತ್ರ. ಊರಿನಲ್ಲಿ ಬಾಳಿದವರಿಗೆ ಇದು ಅನುಭವ.

ಸಂತ ಪೌಲರು ಕೊರಿಂಥದವರಿಗೂ ಗಲಾತ್ಯದವರಿಗೂ ಬರೆದ ಪತ್ರಗಳಲ್ಲಿ, ಚೂರು ಹುಳಿ ಇಡೀ ಹಿಟ್ಟನ್ನು ಹುಳಿಯಾಗಿಸುವುದನ್ನು ಎಚ್ಚರಿಕೆಯಾಗಿ ನೆನಪಿಸುತ್ತಾರೆ. ಲ್ಯಾಟಿನ್ ಬೈಬಲಿನಲ್ಲಿ ಆ ಹಿಟ್ಟಿಗೆ ಇರುವ ಪದ 'ಮಾಸ್ಸಾ'. ಪೌಲರು ಅಲ್ಲಿ ಕೆಟ್ಟದ್ದು ಹರಡುವ ಬಗೆಯನ್ನು ಹೇಳಿದರು. ಯೇಸುಸ್ವಾಮಿ ಇನ್ನೊಂದು ಕಡೆ, ಹೆಂಗಸೊಬ್ಬಳು ಮೂರು ಅಳತೆ ಹಿಟ್ಟಿಗೆ ಬೆರೆಸಿದ ಹುಳಿಯನ್ನು ಸ್ವರ್ಗಸಾಮ್ರಾಜ್ಯಕ್ಕೆ ಹೋಲಿಸಿದರು. ಎರಡು ಕಡೆಯೂ ಹಿಟ್ಟು ತಾನಾಗಿ ಏನನ್ನೂ ಮಾಡುವುದಿಲ್ಲ. ಒಳ್ಳೆಯದೋ ಕೆಟ್ಟದ್ದೋ, ಕೆಲಸ ಮಾಡುವುದು ಆ ಚೂರು ಹುಳಿ.

ಗುಂಪಿನಲ್ಲಿ ಗೋವಿಂದ

ಮಾಸ್ ಬಂಕ್ ಮಾಡಿದ ಮರುದಿನ ಪ್ರಾಂಶುಪಾಲರ ಮುಂದೆ ನಿಂತವರೆಲ್ಲರ ಉತ್ತರ ಒಂದೇ ಆಗಿರುತ್ತದೆ: "ಎಲ್ಲರೂ ಹೋದರು ಸಾರ್, ನಾವೂ ಹೋದೆವು." ಎಲ್ಲರೂ ಮಾಡಿದ ತಪ್ಪನ್ನು ಯಾರೂ ಮಾಡಿದಂತೆ ಅನ್ನಿಸುವುದಿಲ್ಲ. ಇದು ತಪ್ಪು ಮಾಡುವುದಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮಾಡಬೇಕಾದ ಒಳ್ಳೆಯದನ್ನು ಮಾಡದೆ ಬಿಡುವುದಕ್ಕೂ ಇದೇ ನೆಪ ಸಾಕಾಗುತ್ತದೆ.

1968ರಲ್ಲಿ ಅಮೆರಿಕದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ನ್ಯೂಯಾರ್ಕಿನ ವಿದ್ಯಾರ್ಥಿಗಳ ಮೇಲೆ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಮೈಕಿನ ಮೂಲಕ ಮಾತನಾಡಲು ಹೇಳಿದರು. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಕೋಣೆಯಿಂದ ಒಬ್ಬನು ಮೂರ್ಛೆರೋಗ ಬಂದು ಒದ್ದಾಡುತ್ತಿರುವ ಸದ್ದು ಕೇಳಿಸಿತು. ಅದು ಮೊದಲೇ ಮುದ್ರಿಸಿಟ್ಟ ಧ್ವನಿ. ವಿದ್ಯಾರ್ಥಿಗಳಿಗೆ ಅದು ಗೊತ್ತಿರಲಿಲ್ಲ. ಅದನ್ನು ಕೇಳುತ್ತಿರುವವನು ತಾನೊಬ್ಬನೇ ಎಂದು ನಂಬಿದವರಲ್ಲಿ ಶೇಕಡಾ 85 ಮಂದಿ, ಆ ಸದ್ದು ನಿಲ್ಲುವುದರೊಳಗೆ ಎದ್ದು ಹೋಗಿ ವಿಷಯ ತಿಳಿಸಿದರು. ತನ್ನ ಜೊತೆ ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ನಂಬಿದವರಲ್ಲಿ ಹಾಗೆ ಎದ್ದವರು ಶೇಕಡಾ 31 ಮಾತ್ರ.

ಏಳದೆ ಕುಳಿತವರು ಕಲ್ಲುಹೃದಯದವರೇ? ಅಲ್ಲ ಎಂದು ಆ ಸಂಶೋಧಕರೇ ಬರೆದಿದ್ದಾರೆ. ಕೋಣೆಗೆ ಹೋಗಿ ನೋಡಿದಾಗ ಅವರಲ್ಲಿ ಹಲವರ ಕೈ ನಡುಗುತ್ತಿತ್ತು. ಆ ಹುಡುಗನಿಗೆ ಏನಾಯಿತು ಎಂದು ಅವರೇ ಆತಂಕದಿಂದ ಕೇಳಿದರು. ಕನಿಕರ ಇತ್ತು. ಉಳಿದ ನಾಲ್ವರಲ್ಲಿ ಯಾರಾದರೂ ಹೋಗಿರುತ್ತಾರೆ ಎಂಬ ಲೆಕ್ಕ ಆ ಕನಿಕರವನ್ನು ಕುರ್ಚಿಯಲ್ಲೇ ಕೂರಿಸಿತು.

ಈ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ? ಹೊಣೆಯನ್ನು ನಾವು ಆಸ್ತಿಯಂತೆ ಭಾಗಿಸುತ್ತೇವೆ. ಐದು ಜನ ಅಣ್ಣತಮ್ಮಂದಿರಿಗೆ ಐದು ಎಕರೆ ಹೊಲವಿದ್ದರೆ ತಲೆಗೆ ಒಂದೊಂದು ಎಕರೆ ಬರುತ್ತದೆ. ಅದೇ ಐವರಿಗೆ ಒಬ್ಬ ವಯಸ್ಸಾದ ತಾಯಿ ಇದ್ದರೆ ತಲೆಗೆ ಐದರಲ್ಲಿ ಒಂದು ಪಾಲು ತಾಯಿ ಬರುತ್ತಾಳೆಯೇ? ಪ್ರತಿಯೊಬ್ಬನಿಗೂ ಆಕೆ ಪೂರ್ತಿ ತಾಯಿ. ಕೆಲಸವನ್ನು ಹಂಚಿಕೊಳ್ಳಬಹುದು: ಔಷಧಿ ಒಬ್ಬ, ಊಟ ಒಬ್ಬ, ರಾತ್ರಿ ಕಾವಲು ಒಬ್ಬ. ಆದರೆ ನಾಲ್ವರು ಬಿಟ್ಟರೂ ಐದನೆಯವನಿಗೆ "ನನ್ನ ಪಾಲು ಮುಗಿಯಿತು" ಎನ್ನಲು ಬರುವುದಿಲ್ಲ. ಹೊಲ ಪಾಲಾಗುತ್ತದೆ, ತಾಯಿ ಪಾಲಾಗುವುದಿಲ್ಲ. ಒಬ್ಬ ಮನುಷ್ಯನಿಗೆ ಇನ್ನೊಬ್ಬ ಮನುಷ್ಯನ ಮೇಲಿರುವ ಹೊಣೆ ಈ ಎರಡನೆಯ ಜಾತಿಯದು.

"ಆದರೆ ಒಬ್ಬನಿಂದ ಏನಾದೀತು?" ಎಂಬುದು ನ್ಯಾಯವಾದ ಪ್ರಶ್ನೆ. ಯೊವಾನ್ನರ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಅಂದ್ರೆಯ ಕೇಳಿದ್ದೂ ಇದನ್ನೇ. ಎದುರಿಗೆ ಐದು ಸಾವಿರ ಗಂಡಸರಿರುವ ಜನಸಮೂಹ. ಕೈಯಲ್ಲಿರುವುದು ಒಬ್ಬ ಹುಡುಗನ ಐದು ರೊಟ್ಟಿ, ಎರಡು ಮೀನು. ನಾಲ್ಕೂ ಶುಭಸಂದೇಶಗಳಲ್ಲಿ ಈ ಘಟನೆ ಇದ್ದರೂ ಹುಡುಗನ ಮಾತು ಬರುವುದು ಯೊವಾನ್ನರಲ್ಲಿ ಮಾತ್ರ. ಆ ರೊಟ್ಟಿಗಳು ಬಾರ್ಲಿಯವು ಎಂದು ಹೇಳುವುದೂ ಅವರೊಬ್ಬರೇ. 'ಮಾಸ್ಸಾ' ಎಂಬ ಪದ ಹುಟ್ಟಿದ್ದು ಯಾವ ಧಾನ್ಯದ ಹಿಟ್ಟಿನಿಂದಲೋ ಅದೇ ಬಾರ್ಲಿ. ಆ ಹುಡುಗನು ಐದು ಸಾವಿರ ಜನರಿಗೆ ಊಟ ಹಾಕಲಿಲ್ಲ. ಅವನಿಂದ ಅದು ಆಗುತ್ತಲೂ ಇರಲಿಲ್ಲ. ತನ್ನಲ್ಲಿ ಇದ್ದದ್ದನ್ನು ಗುಂಪಿನೊಳಗೆ ಬಚ್ಚಿಟ್ಟುಕೊಳ್ಳದೆ ಕೊಟ್ಟ, ಅಷ್ಟೇ. ಉಳಿದದ್ದನ್ನು ಪ್ರಭು ನೋಡಿಕೊಂಡರು.

ಕಳುಹಿಸುವುದರಿಂದ ಬಂದ ಮಾಸ್

ಈಗ ಎರಡನೆಯ ಬೇರಿಗೆ ಬರೋಣ. 'ಮಿಸ್ಸಾ' ಎಂಬುದಕ್ಕೆ ಮೂಲ, 'ಕಳುಹಿಸು' ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದ. ಮಿಷನ್, ಮೆಸೇಜ್, ಮಿಸೈಲ್ ಎಲ್ಲವೂ ಅದರ ಮಕ್ಕಳೇ. ಕ್ರಿಸ್ಮಸ್ ಎಂಬ ಹೆಸರಿನ ಕೊನೆಯಲ್ಲಿರುವುದೂ ಇದೇ ಮಾಸ್. ಲ್ಯಾಟಿನ್ ಪೂಜೆಯ ಕೊನೆಯಲ್ಲಿ ಗುರುಗಳು ಜನರನ್ನು ಬೀಳ್ಕೊಡುವ ಮೂರು ಪದಗಳಲ್ಲಿ 'ಮಿಸ್ಸಾ' ಒಂದು. ಆ ಬೀಳ್ಕೊಡುಗೆಯ ಪದವೇ ಇಡೀ ಪೂಜೆಗೆ ಹೆಸರಾಯಿತು. ಮದುವೆಗೆ 'ಮುಹೂರ್ತ' ಎಂದೋ 'ಧಾರೆ' ಎಂದೋ ಕರೆಯುವುದುಂಟು. 'ಹೋಗಿ ಬನ್ನಿ' ಎಂದು ಯಾರೂ ಕರೆಯುವುದಿಲ್ಲ. ನಮ್ಮ ಪೂಜೆಗೆ ಮಾತ್ರ ಹಾಗೆ ಹೆಸರು ಬಂದಿದೆ.

ಮೊದಮೊದಲು ಆ ಮಾತಿಗೆ ಇದ್ದ ಅರ್ಥ ಸರಳ: ಮುಗಿಯಿತು, ಇನ್ನು ಹೊರಡಿ. ಕ್ರೈಸ್ತರ ಬಾಯಲ್ಲಿ ಅದಕ್ಕೆ ಆಳವಾದ ಇನ್ನೊಂದು ಅರ್ಥ ಬಂದುದನ್ನು ಪೋಪ್ 16ನೇ ಬೆನೆಡಿಕ್ಟರು 2007ರಲ್ಲಿ ಪರಮಪ್ರಸಾದದ ಕುರಿತು ಬರೆದ ಪತ್ರದಲ್ಲಿ ವಿವರಿಸಿದ್ದಾರೆ. ಬೀಳ್ಕೊಡುಗೆ ಪ್ರೇಷಿತಕಾರ್ಯವಾಯಿತು ಎಂಬುದು ಅದರ ಸಾರಾಂಶ. ಮರುವರ್ಷ, 2008ರಲ್ಲಿ, ಪೂಜೆಯ ಕೊನೆಗೆ ಹೇಳಬಹುದಾದ ಹೊಸ ಬೀಳ್ಕೊಡುಗೆಯ ಮಾತುಗಳೂ ಸೇರಿದವು. ಶುಭಸಂದೇಶವನ್ನು ಸಾರಲು ಹೋಗಿರಿ, ನಿಮ್ಮ ಬದುಕಿನಿಂದ ಪ್ರಭುವನ್ನು ಮಹಿಮೆಪಡಿಸುತ್ತಾ ಹೋಗಿರಿ ಎಂಬುದು ಅವುಗಳ ಭಾವ.

ಕಳುಹಿಸುವುದರಲ್ಲೂ ಎರಡು ಬಗೆಯಿದೆ. ರೊಟ್ಟಿಗಳ ಅದೇ ಘಟನೆಯನ್ನು ಮತ್ತಾಯರು ಹೇಳುವಾಗ, ಸಂಜೆಯಾಯಿತು, ಜನರನ್ನು ಕಳುಹಿಸಿಬಿಡಿ, ಹಳ್ಳಿಗಳಿಗೆ ಹೋಗಿ ಏನಾದರೂ ಕೊಂಡು ತಿನ್ನಲಿ ಎಂದು ಶಿಷ್ಯರು ಯೇಸುವಿಗೆ ಸೂಚಿಸುತ್ತಾರೆ. ಲ್ಯಾಟಿನ್ ಬೈಬಲಿನಲ್ಲಿ ಅಲ್ಲಿಯೂ ಅದೇ ಕ್ರಿಯಾಪದದಿಂದ ಬಂದ ಪದವೇ ಇದೆ. ನಮ್ಮ ಮಾತಿನಲ್ಲಿ ಅದಕ್ಕೆ 'ಸಾಗಹಾಕುವುದು' ಎನ್ನುತ್ತೇವೆ. ಯೇಸು ಜನರನ್ನು ಮೊದಲು ಉಣಿಸಿದರು, ಆಮೇಲೆ ಕಳುಹಿಸಿದರು. ಸಾಗಹಾಕಿಸಿಕೊಂಡವನು ಗುಂಪಿನಲ್ಲಿ ಒಬ್ಬನಾಗಿ ಹೋಗುತ್ತಾನೆ. ಕಳುಹಿಸಲ್ಪಟ್ಟವನು ಮಾತ್ರ ಒಂದು ಸುದ್ದಿಯನ್ನು ಹೊತ್ತು ತನ್ನದೇ ಹೆಸರಿನಲ್ಲಿ ಹೋಗುತ್ತಾನೆ. ಗುಂಪನ್ನು ಯಾರೂ ದೂತನಾಗಿ ಕಳುಹಿಸುವುದಿಲ್ಲ. ದೂತನಿಗೆ ಮುಖವೊಂದು ಬೇಕು.

ಹಾಗಾದರೆ ಪ್ರತಿಯೊಬ್ಬರೂ ಅವರವರ ದಾರಿ ಹಿಡಿದು ಹೋದರೆ ಸಾಕೇ, ಒಟ್ಟಿಗೆ ಸೇರುವುದಕ್ಕೆ ಅರ್ಥವಿಲ್ಲವೇ? ಇದಕ್ಕೆ ಉತ್ತರವಾಗಿ ಭೌತಶಾಸ್ತ್ರದ ಇನ್ನೊಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇವೆ. ಮರಳಿನ ರಾಶಿಯಲ್ಲಿ ಒಂದು ಕಣ ಇನ್ನೊಂದಕ್ಕೆ ಏನನ್ನೂ ಬಿಟ್ಟುಕೊಡುವುದಿಲ್ಲ. ಸುಮ್ಮನೆ ಒಂದರ ಮೇಲೊಂದು ಬಿದ್ದಿರುತ್ತದೆ. ಸೂರ್ಯನ ಒಡಲಲ್ಲಿ ನಡೆಯುವುದೇ ಬೇರೆ. ಅಲ್ಲಿ ನಾಲ್ಕು ಹೈಡ್ರೋಜನ್ ನ್ಯೂಕ್ಲಿಯಸ್‌ಗಳು ಬೆಸೆದು ಒಂದು ಹೀಲಿಯಂ ನ್ಯೂಕ್ಲಿಯಸ್ ಆಗುತ್ತದೆ. ಬೆಸೆದ ಮೇಲೆ ಲೆಕ್ಕ ಹಾಕಿದರೆ ಮೊದಲಿದ್ದ ದ್ರವ್ಯರಾಶಿಯಲ್ಲಿ ಸುಮಾರು ಶೇಕಡಾ 0.7ರಷ್ಟು ಕಡಿಮೆಯಾಗಿರುತ್ತದೆ. ಆ ಕಡಿಮೆಯಾದದ್ದು ಐನ್‌ಸ್ಟೈನ್ 1905ರಲ್ಲಿ ತೋರಿಸಿಕೊಟ್ಟ ಸೂತ್ರದಂತೆ ಶಕ್ತಿಯಾಗುತ್ತದೆ. ಸೂರ್ಯ ಪ್ರತಿ ಸೆಕೆಂಡಿಗೆ ಸುಮಾರು 40 ಲಕ್ಷ ಟನ್ ದ್ರವ್ಯರಾಶಿಯನ್ನು ಹೀಗೆ ಕಳೆದುಕೊಳ್ಳುತ್ತಾನೆ. ನಮ್ಮ ಹೊಲಗಳ ಮೇಲೆ ಬೀಳುವ ಬಿಸಿಲು ಅದೇ.

ಹೋಲಿಕೆಯನ್ನು ಬಹಳ ಎಳೆಯಬಾರದು. ಆದರೂ ಎರಡು ಭಾಷೆ, ಮೂರು ಭಾಷೆಗಳ ಧರ್ಮಕೇಂದ್ರದಲ್ಲಿ ಬಾಳುವವರಿಗೆ ಇದು ಅರ್ಥವಾಗುವ ಮಾತು. ರಾಶಿಯಾಗಿ ಬಿದ್ದಿರುವವರು ಏನನ್ನೂ ಬಿಟ್ಟುಕೊಡುವುದಿಲ್ಲ, ಬೆಳಕೂ ಇಲ್ಲ. ಬೆಸೆದುಕೊಂಡವರು ಪ್ರತಿಯೊಬ್ಬರೂ ಸ್ವಲ್ಪ ಬಿಟ್ಟುಕೊಡುತ್ತಾರೆ: ಸಮಯ, ಸಾಲು, ತಮ್ಮ ಇಷ್ಟದ ಹಾಡು. ಬಿಟ್ಟುಕೊಡುವುದು ಸ್ವಲ್ಪ ಎಂಬುದನ್ನೂ ಮರೆಯಬಾರದು. ತನ್ನ ಮಾತನ್ನೇ ಪೂರ್ತಿ ಬಿಟ್ಟುಕೊಡು ಎಂದು ಯಾರನ್ನೂ ಕೇಳುವಂತಿಲ್ಲ.

ನಮ್ಮ ಧರ್ಮಕೇಂದ್ರದಲ್ಲಿ

ತಮಿಳು ಪೂಜೆಗೆ ಜನ ತುಂಬಿ ಹೊರಗಿನ ಶಾಮಿಯಾನದ ಕೆಳಗೂ ನಿಲ್ಲುತ್ತಾರೆ. ಕನ್ನಡ ಪೂಜೆಗೆ ಬರುವವರು ಕೆಲವೇ ಸಾಲು. ಕನ್ನಡ ಓದಲು ಕಲಿಯದ ನಮ್ಮ ಮಕ್ಕಳು ಮೊದಲನೆಯ ವಾಚನವನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡು ಓದುತ್ತಾರೆ. ಇಷ್ಟು ಜನರಿಗಾಗಿ ಬೇರೆ ಪೂಜೆ ಬೇಕೇ ಎಂಬ ಮಾತು ನಮ್ಮವರ ನಡುವೆಯೇ ಆಗಾಗ ಕೇಳಿಬರುತ್ತದೆ. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಜನರ ಮಾತೃಭಾಷೆಗೆ ಬಾಗಿಲು ತೆರೆಯಿತು. ಒಂದು ಭಾಷೆಯಲ್ಲಿ ಎಷ್ಟು ಜನ ಇದ್ದರೆ ಆ ಬಾಗಿಲು ಎಂದು ಅದು ಲೆಕ್ಕ ಹಾಕಿ ಹೇಳಲಿಲ್ಲ.

ತೂಕಕ್ಕೂ ದ್ರವ್ಯರಾಶಿಗೂ ಇರುವ ವ್ಯತ್ಯಾಸ ಇಲ್ಲಿ ನೆನಪಾಗುತ್ತದೆ. 60 ಕಿಲೋ ಇರುವ ಮನುಷ್ಯ ಚಂದ್ರನ ಮೇಲೆ ತೂಕದ ಯಂತ್ರ ಹತ್ತಿದರೆ ಮುಳ್ಳು ಹತ್ತು ಕಿಲೋ ತೋರಿಸುತ್ತದೆ. ಅವನ ದ್ರವ್ಯರಾಶಿಯಲ್ಲಿ ಒಂದು ಗ್ರಾಮೂ ಕಡಿಮೆಯಾಗಿರುವುದಿಲ್ಲ. ತೂಕ ನಾವು ಎಲ್ಲಿ ನಿಂತಿದ್ದೇವೆ ಎಂಬುದರ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ಕನ್ನಡ ಕಥೋಲಿಕನಿಗೆ ಒಂದು ತೂಕ, ಗಡಿ ದಾಟಿ ಇಲ್ಲಿ ಬಂದರೆ ಇನ್ನೊಂದು ತೂಕ. ದೇವರ ಮುಂದೆ ಅವನಿಗಿರುವ ಬೆಲೆ ಗಡಿಯ ಈಚೆಗೂ ಆಚೆಗೂ ಒಂದೇ.

ಇದನ್ನು ನಮಗಾಗಿ ಕೇಳಿಕೊಳ್ಳುವ ನಾವು ಇನ್ನೊಬ್ಬರಿಗಾಗಿಯೂ ಹೇಳಬೇಕಾಗುತ್ತದೆ. ಸುತ್ತಲಿನ ಕಾರ್ಖಾನೆಗಳಲ್ಲಿ ಕೆಲಸ ಮಾಡಲು ಜಾರ್ಖಂಡ್, ಒಡಿಶಾ ಕಡೆಯಿಂದ ಬಂದ ಹುಡುಗಿಯರೂ ಹುಡುಗರೂ ಭಾನುವಾರ ಕೊನೆಯ ಸಾಲುಗಳಲ್ಲಿ ನಿಲ್ಲುತ್ತಾರೆ. ಅವರಿಗೆ ತಮಿಳೂ ಬಾರದು, ಕನ್ನಡವೂ ಬಾರದು. ಯಾವಾಗ ಮೊಣಕಾಲೂರಬೇಕು, ಯಾವಾಗ ಏಳಬೇಕು ಎಂಬುದು ಮಾತ್ರ ಅವರ ಊರಿನಲ್ಲೂ ಇಲ್ಲೂ ಒಂದೇ ಆದ್ದರಿಂದ ಅದರ ಜಾಡು ಹಿಡಿದು ಅವರು ಪೂಜೆಯಲ್ಲಿ ಸೇರುತ್ತಾರೆ. ಪರಮಪ್ರಸಾದ ಸ್ವೀಕರಿಸಿ ಬಂದ ಹಾಗೆಯೇ ಹಾಸ್ಟೆಲ್ಲಿಗೆ ಮರಳುತ್ತಾರೆ. ಚರ್ಚು ತುಂಬಾ ಜನರಿರುವಾಗ, ಬೇರೆ ಯಾರಾದರೂ ಮಾತನಾಡಿಸುತ್ತಾರೆ ಎಂದು ಪ್ರತಿಯೊಬ್ಬರಿಗೂ ಅನ್ನಿಸುವುದು ಬಹಳ ಸುಲಭ. ಆ ಪ್ರಯೋಗದ ಐದು ಕೋಣೆಗಳಲ್ಲಿ ಇದ್ದ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ. ಭಾಷೆಯ ಅಲ್ಪಸಂಖ್ಯಾತರಾಗಿ ಬಾಳುವುದು ಏನೆಂದು ತಲೆಮಾರುಗಳಿಂದ ಬಲ್ಲ ಕನ್ನಡದವರು ಈ ಲೆಕ್ಕವನ್ನು ಮುರಿಯಲು ಮೊದಲು ಏಳಬೇಕಾದವರು ಎಂದು ನಮಗೆ ಅನ್ನಿಸುತ್ತದೆ. ಹರಕುಮುರುಕು ಹಿಂದಿಯಲ್ಲಿ "ಹೆಸರೇನಮ್ಮಾ, ಯಾವ ಊರು?" ಎಂದು ಕೇಳಲು ಪದವಿ ಬೇಡ, ಸಮಿತಿಯ ತೀರ್ಮಾನವೂ ಬೇಡ.

ಅದಕ್ಕಾಗಿ ಯುವಬಳಗದಿಂದ ಒಂದು ಸಣ್ಣ ವಿನಂತಿ. ಬರುವ ತಿಂಗಳಿನಿಂದ ಪ್ರತಿ ಭಾನುವಾರ, ಪೂಜೆ ಯಾವ ಭಾಷೆಯದಾದರೂ, ಕೊನೆಯ ಆಶೀರ್ವಾದದ ನಂತರ ಹತ್ತು ನಿಮಿಷ ಹಿಂದಿನ ಬಾಗಿಲ ಬಳಿ ಇಬ್ಬರು ನಿಲ್ಲಬೇಕೆಂದು ಯೋಚಿಸಿದ್ದೇವೆ. ಒಬ್ಬೊಬ್ಬ ಹೊಸಬರ ಹೆಸರು ಕೇಳಿ ತಿಳಿಯುವುದು, ಮುಂದಿನ ವಾರ ಅದೇ ಹೆಸರಿನಿಂದ ಕರೆಯುವುದು, ಊರಿಗೆ ಹೋಗಲಾಗದ ಹಬ್ಬದ ದಿನಗಳಲ್ಲಿ ಯಾವುದಾದರೂ ಒಂದು ಮನೆಗೆ ಊಟಕ್ಕೆ ಕರೆದುಕೊಂಡು ಹೋಗುವುದು: ಸದ್ಯಕ್ಕೆ ಇಷ್ಟೇ ಕೆಲಸ. ಹಿಂದಿ ಬಲ್ಲವರಿದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ವಯಸ್ಸಿನ ಮಿತಿ ಇಲ್ಲ. ಅಜ್ಜಿಯಂದಿರು ಬಂದರೆ ನಮಗೆ ಇನ್ನೂ ಸಂತೋಷ. ಹೆಸರು ಕೊಡುವವರು ಕನ್ನಡ ಪೂಜೆಯ ನಂತರ ಗಾಯನವೃಂದದ ಪಕ್ಕದಲ್ಲಿ ನಮ್ಮನ್ನು ಕಾಣಿರಿ. ಬೇರೆ ಯಾರಾದರೂ ಕೊಟ್ಟಿರುತ್ತಾರೆ ಎಂದು ಮಾತ್ರ ಸುಮ್ಮನಿರಬೇಡಿ.

ಪ್ರಭು ನಮ್ಮೆಲ್ಲರನ್ನೂ ಹರಸಲಿ.